ತಲೆ ವಾಲಿಸಿ ಮುಟ್ಟಿದ ಕಿವಿ

ಕಳೆದ ವಾರ ರಾಮಕೃಷ್ಣನಗರದಲ್ಲಿ ಹೊಸದಾಗಿ ಒಂದು ಮನೆ ಹಿಡಿದೆ. ಹಿಡಿದೆ ಅಂದರೆ ಬಾಡಿಗೆಗಲ್ಲ. ಬಾಣಂತಿಗೂ ಮಗುವಿಗೂ ಎಣ್ಣೆ ಹಚ್ಚಿ ನೀರೆರೆಯುವುದು ನನ್ನ ಕೆಲಸ. ಮೂರು ತಿಂಗಳು ದಿನಾ ಬೆಳಿಗ್ಗೆ ಹೋಗಬೇಕು, ಅದಕ್ಕೆ ಹಾಗನ್ನುತ್ತೇನೆ. ಹದಿನೇಳು ದಿನದ ಗಂಡು ಮಗು. ಆ ಮನೆಯ ಅಜ್ಜಿ ಬಲು ಚೊಕ್ಕಟದವರು. ನಾನು ಹೋಗುವಷ್ಟರಲ್ಲಿ ಬಚ್ಚಲಿಗೆ ಡೆಟ್ಟಾಲ್ ಹಾಕಿ ತೊಳೆದಿದ್ದರು, ಮಗುವಿಗೆ ಹೊಗೆ ಹಿಡಿಯಲು ಸಾಂಬ್ರಾಣಿಯನ್ನೂ ಕೆಂಡಕ್ಕೆ ಹಾಕಿದ್ದರು. ಎರಡೂ ವಾಸನೆ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ಮಣೆಯ ಮೇಲೆ ಕಾಲು ನೀಡಿ ಕೂತವಳು ಹಾಗೇ ಇದ್ದುಬಿಟ್ಟೆ.

"ಯಾಕ್ ರತ್ನಮ್ಮ, ನೀರು ಕಾಯ್ದಿದ್ದು ಸಾಲ್ದಾ?" ಅಂದರು ಅಜ್ಜಿ.

"ಸಾಕು ಕಣಮ್ಮ, ಏನಿಲ್ಲ" ಅಂದೆ. ಏನಿಲ್ಲ ಅಂದದ್ದು ಶುದ್ಧ ಸುಳ್ಳು.

ಡೆಟ್ಟಾಲ್ ಜೊತೆ ಸಾಂಬ್ರಾಣಿ ಬೆರೆತರೆ ನನಗೆ ಒಂಟಿಕೊಪ್ಪಲಿನ ನರ್ಸಿಂಗ್ ಹೋಮೇ. ಅಲ್ಲಿ ಪ್ರತಿ ಶುಕ್ರವಾರ ಡಾಕ್ಟರಮ್ಮನ ಅತ್ತೆ ಮೇಲಿನ ಮನೆಯಿಂದ ಇಳಿದು ಬಂದು, ಹೊಗೆಯ ತಟ್ಟೆ ಹಿಡಿದು ಬಾಗಿಲು ಬಾಗಿಲಿಗೂ ತೋರಿಸಿಕೊಂಡು ಹೋಗುತ್ತಿದ್ದರು. ಅಲ್ಲಿ ನಾನು ಹತ್ತು ವರ್ಷ ಆಯಾ ಆಗಿದ್ದೆ. ಹತ್ತು ವರ್ಷದಲ್ಲಿ ಒಂಬತ್ತು ವರ್ಷ ಒಂದರ ಹಾಗೆ ಇನ್ನೊಂದು ಕಳೆದವು, ಅವುಗಳ ಲೆಕ್ಕ ನನ್ನ ತಲೆಯಲ್ಲಿಲ್ಲ. ಒಂದು ವರ್ಷ ಮಾತ್ರ, ಒಂದು ಆಷಾಢದಿಂದ ಇನ್ನೊಂದು ಶ್ರಾವಣದವರೆಗಿನ ಆ ವರ್ಷ ಮಾತ್ರ, ಎದೆಯಲ್ಲಿ ಹಾಗೇ ಕೂತಿದೆ.

ಆಯಾ ಕೆಲಸ ಏನು ಅಂತ ಹೆತ್ತ ಹೆಂಗಸರಿಗೆ ಗೊತ್ತು, ಉಳಿದವರಿಗೆ ಗೊತ್ತಿಲ್ಲ. ಬೆನ್ನು ತಿಕ್ಕುವುದು, ತೊಡೆ ಹಿಡಿಯುವುದು, ಬೆವರು ಒರೆಸುವುದು, ಬೈಸಿಕೊಳ್ಳುವುದು. ನೋವು ತಿನ್ನುವವಳು ಗಂಡನನ್ನು ಬೈಯುವ ಬದಲು ನಮ್ಮನ್ನೇ ಬೈಯುತ್ತಾಳೆ, ಪಾಪ, ಹತ್ತಿರ ಇರುವವರು ನಾವೇ ತಾನೆ. ಆಮೇಲೆ ಬಟ್ಟೆ ನೆನೆಹಾಕುವುದು, ನೆಲ ತೊಳೆಯುವುದು. ಮಗುವನ್ನು ಮಾತ್ರ ಮುಟ್ಟುವಂತಿಲ್ಲ. ಅದು ಹೊರಗೆ ಬಂದು, ಒರೆಸಿ, ತೂಕ ಮಾಡಿ, ಬಟ್ಟೆಯಲ್ಲಿ ಸುತ್ತಿದ ಮೇಲೆ ನಮ್ಮ ಕೈಗೆ.

ನಾನು ಒಂದು ಸಲ ಮುಟ್ಟಿದೆ. ಎರಡನೇ ಹೆರಿಗೆಯ ಹೆಂಗಸು, ಮಧ್ಯಾಹ್ನದ ಹೊತ್ತು. ಡಾಕ್ಟರಮ್ಮನಿಗೆ ಫೋನ್ ಮಾಡಲು ಹೆರಿಗೆ ಕೋಣೆಯ ನರ್ಸ್ ಸ್ಟೆಲ್ಲಾ ಸಿಸ್ಟರ್ ಹೊರಗೆ ಹೋದ ಎರಡು ನಿಮಿಷದಲ್ಲಿ ತಲೆ ಕಾಣಿಸಿಕೊಂಡಿತು. ಕೂಗಿದೆ, ಯಾರೂ ಬರಲಿಲ್ಲ. ಕೈಗವಸು ಹಾಕಿಕೊಂಡು ತಲೆಗೆ ಅಂಗೈ ಕೊಟ್ಟೆ. ಸಿಸ್ಟರ್ ಮಾಡುವಾಗ ಅಷ್ಟು ವರ್ಷ ನೋಡಿದ್ದೆನಲ್ಲ, ಕೈಗೆ ತಾನಾಗಿಯೇ ತಿಳಿಯಿತು. ಮಗು ಜಾರಿ ನನ್ನ ಎರಡು ಕೈಯೊಳಕ್ಕೆ ಬಂದು ಕಿರುಚಿತು. ಅಯ್ಯೋ, ಆ ಬಿಸಿ! ನನ್ನ ಮಗಳು ಹುಟ್ಟಿದಾಗಲೂ ನನಗೆ ಹಾಗೆ ಅನ್ನಿಸಿರಲಿಲ್ಲ.

ಡಾಕ್ಟರಮ್ಮ ಬಂದು ಸರಿಯಾಗಿ ಉಗಿದರು. "ನಿನಗ್ಯಾರೇ ಮುಟ್ಟು ಅಂದಿದ್ದು? ಏನಾದ್ರೂ ಆಗಿದ್ರೆ ನೀನು ಉತ್ತರ ಕೊಡ್ತಿದ್ಯಾ?" ಅವರು ಉಗಿದದ್ದು ಸರಿಯೇ, ಈಗಲೂ ಹಾಗೇ ಅನ್ನುತ್ತೇನೆ. ಬಟ್ಟೆ ತೊಳೆಯುವ ಕಡೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದೆ. ಸ್ಟೆಲ್ಲಾ ಸಿಸ್ಟರ್ ಹಿಂದಿನಿಂದ ಬಂದು ನಲ್ಲಿ ನಿಲ್ಲಿಸಿದರು. ಕೊಳ್ಳೇಗಾಲದ ಕಡೆಯವರು, ಮಾತು ಕಮ್ಮಿ.

"ನಿನ್ ಕೈ ಚೆನ್ನಾಗದೆ ಕಣೇ" ಅಂದರು. "ಓದ್ಕೋ. ಓದಿದ್ರೆ ಇದೇ ಕೈನ ಯಾರೂ ಬಯ್ಯಲ್ಲ."

ಓದಿದೆ ಮಾರಾಯರೇ! ಎಸ್ಸೆಸ್ಸೆಲ್ಸಿ ಆಗಿ ಮದುವೆಯಾಗಿ ಮಗಳನ್ನೂ ಹೆತ್ತವಳು, ಖಾಸಗಿಯಾಗಿ ಪಿಯುಸಿ ಕಟ್ಟಿದೆ. ಮೇಟಗಳ್ಳಿಯ ನಮ್ಮ ಒಂದೂವರೆ ಕೋಣೆಯ ಮನೆಯಲ್ಲಿ ಮಗಳು ಮೂರನೇ ಕ್ಲಾಸಿನ ಮಗ್ಗಿ ಹೇಳುವಾಗ ನಾನು ಪಕ್ಕದಲ್ಲಿ ಚರಿತ್ರೆ ಓದುತ್ತಿದ್ದೆ. ಇಂಗ್ಲಿಷಿನಲ್ಲಿ ಒಂದು ಸಲ ಡುಮ್ಕಿ ಹೊಡೆದೆ, ಇನ್ನೊಂದು ಸಲ ದಾಟಿದೆ. ಫಲಿತಾಂಶ ಬಂದ ದಿನ ನಮ್ಮನೆಯವರು, ಮಹದೇವ ಅಂತ, ಫ್ಯಾಕ್ಟರಿಯಿಂದ ಬರುವಾಗ ಮೈಸೂರು ಪಾಕ್ ತಂದು, "ತಗೊಳಮ್ಮ ಡಾಕ್ಟ್ರೇ" ಅಂತ ಕೈಗಿಟ್ಟರು. ಅದು ಆಷಾಢ. ನನ್ನ ವರ್ಷ ಶುರುವಾದದ್ದು ಅಲ್ಲಿಂದ.

ಮಾರನೇ ದಿನ ಸ್ಟೆಲ್ಲಾ ಸಿಸ್ಟರ್ ಒಂದು ಹಾಳೆಯ ಮೇಲೆ ಎರಡು ಗೆರೆ ಎಳೆದು, ನರ್ಸ್ ಆಗಲು ಇರುವ ಎರಡು ಓದು ತೋರಿಸಿದರು. ಒಂದು ಎಎನ್‌ಎಂ, ಎರಡು ವರ್ಷ. ಬೇಗ ಮುಗಿಯುತ್ತದೆ, ಆದರೆ ಆಮೇಲೆ ಹೆಚ್ಚಾಗಿ ಹಳ್ಳಿ ಹಳ್ಳಿ ಸುತ್ತಿ ಲಸಿಕೆ ಹಾಕುವುದು, ರಿಜಿಸ್ಟರ್ ಬರೆಯುವುದು. ಇನ್ನೊಂದು ಜಿಎನ್‌ಎಂ, ಮೂರು ವರ್ಷ, ಪುಸ್ತಕವೆಲ್ಲ ಇಂಗ್ಲಿಷು. ಅದಾದ ಮೇಲೆ ಹೆರಿಗೆ ಮಾಡಿಸುವುದಕ್ಕೆಂದೇ ಒಂದೂವರೆ ವರ್ಷದ ಓದು ಬೇರೆ ಇದೆ. ಅದನ್ನು ಮುಗಿಸಿದರೆ ಹೆರಿಗೆ ಕೋಣೆಯಲ್ಲಿ ನೀನೇ ಮುಂದೆ ನಿಲ್ಲಬಹುದು.

"ನಿನಗೆ ಹೆರಿಗೆನೇ ಬೇಕು ಅಂದ್ರೆ ಜಿಎನ್‌ಎಂ ಮಾಡು. ಬೇಗ ಕೆಲಸ ಬೇಕು ಅಂದ್ರೆ ಎಎನ್‌ಎಂ. ಎರಡಕ್ಕೂ ಮೂವತ್ತೈದು ದಾಟಿರಬಾರ್ದು. ನಿಂಗೆಷ್ಟು ಈಗ?"

"ಮೂವತ್ತೆರಡು ಸಿಸ್ಟರ್" ಅಂದೆ.

"ಹಂಗಾದ್ರೆ ಟೈಮ್ ಇದೆ ಬಿಡು, ಯೋಚನೆ ಮಾಡು."

ಮೂವತ್ತೆರಡು ಅಂತ ನಾನು ಸುಳ್ಳು ಹೇಳಲಿಲ್ಲ. ಗೌರಿ ಹಬ್ಬದ ದಿನ, ಅಮ್ಮಂದಿರೆಲ್ಲ ಬಾಗಿನ ಕೊಡುವ ಹೊತ್ತಿಗೆ ಹುಟ್ಟಿದವಳು ನಾನು. ನನ್ನ ಚಿಕ್ಕಮ್ಮನ ಮಗ ಅದೇ ವಾರ ಹುಟ್ಟಿದವನು, ಅವನಿಗೆ ಮೂವತ್ತೆರಡು. ಆದರೆ ಅವನು ಹುಟ್ಟಿದ್ದು ಆಸ್ಪತ್ರೆಯಲ್ಲಿ, ನಾನು ಹುಟ್ಟಿದ್ದು ಊರಿನ ಸೂಲಗಿತ್ತಿಯ ಕೈಯಲ್ಲಿ. ಅವನಿಗೆ ಚೀಟಿ ಇದೆ, ನನಗಿಲ್ಲ. ಅಂಕಪಟ್ಟಿಯಲ್ಲಿ ನನಗೊಂದು ಜೂನ್ ಒಂದನೇ ತಾರೀಖು ಇದೆ, ನಿಜಕ್ಕಿಂತ ಒಂದೂಕಾಲು ವರ್ಷ ಹಿಂದಿನದು. ನಮ್ಮ ಬೀದಿಯಲ್ಲಿ ನನ್ನ ವಾರಿಗೆಯವರಲ್ಲಿ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರು. ಅದು ಅರ್ಜಿಗೆ ತುಂಬುವ ತಾರೀಖು, ವಯಸ್ಸು ಕೇಳಿದರೆ ಹೇಳುವುದು ಅವ್ವ ಹೇಳಿದ್ದನ್ನು. ಇದರಲ್ಲಿ ಯೋಚಿಸುವಂಥದ್ದು ಏನಾದರೂ ಇದೆ ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಬದಲಿಗೆ, ಐದು ತುಂಬುವ ಮೊದಲೇ ಒಂದನೇ ಕ್ಲಾಸಿಗೆ ಸೇರಿದವಳು ನಾನು ಅಂತ ನರ್ಸಿಂಗ್ ಹೋಮಿನಲ್ಲೆಲ್ಲ ಜಂಬ ಕೊಚ್ಚಿಕೊಂಡಿದ್ದೆ.

ಯೋಚನೆ ಮಾಡು ಅಂದರಲ್ಲ, ಮಾಡಿದೆ. ಒಂದು ದಿನ ಎಎನ್‌ಎಂ, ಒಂದು ದಿನ ಜಿಎನ್‌ಎಂ. ತರಕಾರಿ ಹೆಚ್ಚುವಾಗ ಒಂದು, ಬಸ್ಸಿನಲ್ಲಿ ಕೂತಾಗ ಇನ್ನೊಂದು. ಎಎನ್‌ಎಂ ಅಂದರೆ ಕೈಗೆಟುಕುವಂತಿತ್ತು, ಆದರೆ ಆ ಬಿಸಿ ಮೈ ನನ್ನ ಕೈಗೆ ಬಂದದ್ದು ಹೆರಿಗೆ ಕೋಣೆಯಲ್ಲಲ್ಲವೆ? ಜಿಎನ್‌ಎಂ ಅಂದರೆ ಇಂಗ್ಲಿಷಿನ ಭಯ. ಆ ವರ್ಷವೇ ಅವ್ವನ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ನು ಬಂತು, ಒಂದಾದ ಮೇಲೊಂದು. ಹಗಲು ಮಗಳನ್ನು ನೋಡಿಕೊಳ್ಳುತ್ತಿದ್ದದ್ದು ಅವ್ವನೇ. ನಮ್ಮನೆಯವರನ್ನು ಕೇಳಿದರೆ, "ನೀನು ಯಾವ್ದು ಅಂದ್ರೂ ಸೈ. ಆದ್ರೆ ಅವಸ್ರ ಏನೀಗ? ಇನ್ನೂ ಮೂರು ವರ್ಷ ಅದಲ್ಲ" ಅಂದರು. ಒಳ್ಳೆ ಮನಸ್ಸಿನಿಂದಲೇ ಅಂದರು. ಕೊನೆಗೆ ಜಿಎನ್‌ಎಂ ಅಂತ ತೀರ್ಮಾನ ಮಾಡಿದೆ, ಈ ವರ್ಷ ಬೇಡ, ಒಂದು ವರ್ಷ ಇಂಗ್ಲಿಷನ್ನು ಗಟ್ಟಿ ಮಾಡಿಕೊಂಡು ಹೋಗೋಣ ಅಂತ.

ಆ ವರ್ಷದಷ್ಟು ಸುಖವಾದ ವರ್ಷ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ. ಅದನ್ನು ನೆನೆದರೆ ಈಗ ಹೊಟ್ಟೆ ಉರಿಯುತ್ತದೆ. ಸ್ಟೆಲ್ಲಾ ಸಿಸ್ಟರ್ ತಮ್ಮ ಹಳೇ ಪುಸ್ತಕ ಕೊಟ್ಟಿದ್ದರು, ರಟ್ಟು ಹರಿದು ರೆಕ್ಸಿನ್ ಹೊದಿಸಿದ್ದು. ಊಟದ ಬಿಡುವಿನಲ್ಲಿ ಬಟ್ಟೆ ಒಣಗಿಸುವ ಟೆರೇಸಿನ ಮೇಲೆ ಕೂತು ಪೆಲ್ವಿಸ್, ಪ್ಲಸೆಂಟಾ, ಕಾರ್ಡ್ ಅಂತ ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದೆ. ಹೆರಿಗೆ ಆಗುವಾಗ ಸಿಸ್ಟರ್ ಮೆಲ್ಲಗೆ ನನಗೆ ಕೇಳುವ ಹಾಗೆ ಹೇಳುತ್ತಿದ್ದರು: ಈಗ ತಲೆ ತಿರುಗುತ್ತೆ ನೋಡು, ಈಗ ಭುಜ. ಚಳಿ ಬಂತು, ಬೇಸಿಗೆ ಬಂತು. ಅವ್ವ ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ಕೂತು, "ನನ್ ಮಗಳು ನರ್ಸಮ್ಮ ಆಯ್ತಾಳೆ" ಅಂತ ಬಂದವರಿಗೆಲ್ಲ ಹೇಳುತ್ತಿದ್ದಳು. ಬೇಡ ಕಣವ್ವ, ಆದ ಮೇಲೆ ಹೇಳು ಅಂದರೂ ಕೇಳುತ್ತಿರಲಿಲ್ಲ.

ಮತ್ತೆ ಮಳೆ ಹಿಡಿಯಿತು. ಅರ್ಜಿ ಕರೆದ ಸುದ್ದಿ ಕೇಳಿ, ಅಂಕಪಟ್ಟಿ ಫೋಟೋ ಎಲ್ಲ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಎದೆಗೊತ್ತಿಕೊಂಡು ನರ್ಸಿಂಗ್ ಸೀಟಿನ ಅರ್ಜಿ ತೆಗೆದುಕೊಳ್ಳುವ ಆಫೀಸಿಗೆ ಹೋದೆ. ನನ್ನ ಮುಂದೆ ಇಪ್ಪತ್ತು ಹುಡುಗಿಯರು, ಎಲ್ಲರ ಜೊತೆಗೂ ಅವರ ಅಮ್ಮಂದಿರು. ಅವರಲ್ಲೊಬ್ಬರು ನನ್ನನ್ನು, "ಮಗಳೆಲ್ರೀ, ಬಂದಿಲ್ವಾ?" ಅಂತ ಕೇಳಿದರು. ನನಗೇ ಕಣ್ರೀ ಸೀಟು ಅಂದಾಗ ಅವರು ಕಕ್ಕಾಬಿಕ್ಕಿಯಾದದ್ದು ನೋಡಿ ನಗು ಬಂತು. ಅವತ್ತು ನಗುವ ಹಾಗೇ ಇದ್ದೆ.

ಕೌಂಟರಿನಲ್ಲಿದ್ದವರು ಕನ್ನಡಕದ ಗುಮಾಸ್ತರು, ಮೃದು ಮಾತು. ಅಂಕಪಟ್ಟಿ ನೋಡಿದರು, ತಾರೀಖಿನ ಮೇಲೆ ಬೆರಳಿಟ್ಟರು, ಲೆಕ್ಕ ಹಾಕಿದರು.

"ಮೂವತ್ತೈದು ತುಂಬಿ ಎರಡು ತಿಂಗಳಾಗಿದೆಯಲ್ಲಮ್ಮ."

"ಇಲ್ಲ ಸಾರ್, ನಂಗೆ ಮೂವತ್ಮೂರು. ಅದು ಸ್ಕೂಲ್ ತಾರೀಕು."

"ನಮಗೆ ಇದೇ ತಾರೀಕು ಕಣಮ್ಮ. ಹೋದ ವರ್ಷ ಬಂದಿದ್ರೆ ಆಗ್ತಿತ್ತು."

ಎಎನ್‌ಎಂ ಆದರೂ ಕೊಡಿ ಅಂದೆ. ಅದಕ್ಕೂ ಅಷ್ಟೇ ಅಂದರು. ಆಮೇಲೆ ನನ್ನ ಮುಖ ನೋಡಿ ಮರುಕ ಬಂತೋ ಏನೋ, ಹೇಳದಿದ್ದರೂ ಆಗುತ್ತಿದ್ದ ಇನ್ನೊಂದು ಮಾತು ಹೇಳಿದರು. "ಹೋದ ವರ್ಷ ಎಎನ್‌ಎಂಗಾದ್ರೂ ಸೇರ್ಬೇಕಿತ್ತು ನೀವು. ಎಎನ್‌ಎಂ ಮಾಡಿದವರಿಗೆ ಆಮೇಲೆ ಜಿಎನ್‌ಎಂಗೆ ವಯಸ್ಸಿನ ಮಿತಿ ಇರಲ್ಲ."

ನಾನು ಒಂದು ವರ್ಷ ಎರಡು ದಾರಿ ಅಂದುಕೊಂಡು ನಿಂತಿದ್ದೆನಲ್ಲ, ಒಂದು ಇನ್ನೊಂದಕ್ಕೇ ಹೋಗಿ ಸೇರುತ್ತಿತ್ತು. ಯಾವುದನ್ನು ಹಿಡಿದಿದ್ದರೂ ಆಗುತ್ತಿತ್ತು. ಹಿಂದಿನವರು ಸರಿಯಿರಿ ಅಂದರು, ಸರಿದೆ. ಹೊರಗೆ ಮಳೆಯಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ ನೆನಪಿಲ್ಲ, ಪ್ಲಾಸ್ಟಿಕ್ ಚೀಲ ಮಾತ್ರ ನೆನೆಯದ ಹಾಗೆ ಸೆರಗಿನೊಳಗೆ ಹಿಡಿದುಕೊಂಡಿದ್ದೆ. ಯಾತಕ್ಕೆ ಹಿಡಿದುಕೊಂಡಿದ್ದೆನೋ!

ಸ್ಟೆಲ್ಲಾ ಸಿಸ್ಟರ್ ವಿಷಯ ಕೇಳಿ ಕುರ್ಚಿಯಲ್ಲಿ ಕೂತುಬಿಟ್ಟರು. "ನಾನೇ ನಿಂಗೆ ಜಿಎನ್‌ಎಂ ಅಂದೆ. ಮಾರ್ಕ್ಸ್ ಕಾರ್ಡು ತಾ ಅಂತ ಒಂದ್ಸಲ ಕೇಳ್ಲಿಲ್ಲ ನೋಡು" ಅಂತ ಅದನ್ನೇ ಹತ್ತು ಸಲ ಅಂದರು. ಸ್ಕೂಲಿನಲ್ಲಿ ಕೇಳಿ ನೋಡು, ತಪ್ಪು ಬರೆದಿದ್ದರೆ ತಿದ್ದಿಕೊಡಬಹುದು ಅಂತ ಅವರೇ ಆಸೆ ಹುಟ್ಟಿಸಿದರು.

ನಾನು ಓದಿದ ಸ್ಕೂಲು ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಹೆಡ್ ಮಿಸ್ಸು ನನಗಿಂತ ಚಿಕ್ಕವರು. ಪಾಪ, ಬೀರುವಿನ ಮೇಲಿಂದ ಹಳೇ ದಾಖಲಾತಿ ಪುಸ್ತಕ ಇಳಿಸಿ, ಧೂಳು ಕೊಡವಿ, ಹಾಳೆ ಹಾಳೆ ತಿರುವಿ ನನ್ನ ಹೆಸರು ಹುಡುಕಿದರು. ಸಿಕ್ಕಿತು. ಹೆಸರು, ತಂದೆಯ ಹೆಸರು, ಜೂನ್ ಒಂದು. ಕೊನೆಯ ಕಾಲಮ್ಮಿನಲ್ಲಿ ನೀಲಿ ಮಸಿಯ ಒಂದು ಹೆಬ್ಬೆಟ್ಟು.

"ನಿಮ್ಮ ತಾಯಿಯವರೇ ಒತ್ತಿದಾರೆ" ಅಂದರು ಮಿಸ್ಸು. "ನಾವು ತಿದ್ದೋಕೆ ಬರಲ್ಲ ಇವ್ರೇ. ಎಸ್ಸೆಸ್ಸೆಲ್ಸಿ ಆದ್ಮೇಲೆ ಕೋರ್ಟಿಗೇ ಹೋಗ್ಬೇಕು. ಹುಟ್ಟಿದ್ದಕ್ಕೆ ಏನಾದ್ರೂ ದಾಖಲೆ ಇದ್ಯಾ?"

ಸೂಲಗಿತ್ತಿ ಸತ್ತು ಇಪ್ಪತ್ತು ವರ್ಷವಾಗಿತ್ತು. ನಮ್ಮನೆಯವರು ಫ್ಯಾಕ್ಟರಿಯ ಗೆಳೆಯರ ಕಡೆಯಿಂದ ಒಬ್ಬ ವಕೀಲರನ್ನು ಕೇಳಿ ಬಂದರು. "ಮಾಡ್ಬೋದಂತೆ, ಎರಡು ವರ್ಷನಾದ್ರೂ ಆಯ್ತದಂತೆ" ಅಂತ ಹೇಳಿ ತಲೆ ತಗ್ಗಿಸಿದರು. ಎರಡು ವರ್ಷ ಆದರೆ ನನಗೆ ನಿಜವಾಗಿಯೂ ಮೂವತ್ತೈದು ತುಂಬಿ ಆಚೆಗೆ ಹೋಗಿರುತ್ತಿತ್ತು. 

ಆ ಕೋಪವನ್ನೆಲ್ಲ ಅವ್ವನ ಮೇಲೆ ತೀರಿಸಿಕೊಂಡೆ. ಹೊಸದಾಗಿ ಕಣ್ಣು ಬಂದ ಮುದುಕಿ, ಬಾಗಿಲಲ್ಲಿ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದಳು. "ಯಾರು ಹೇಳಿದ್ರು ನಿಂಗೆ ಹೆಬ್ಬೆಟ್ಟು ಒತ್ತು ಅಂತ? ಒಂದೂಕಾಲು ವರ್ಷ ತಿಂದ್ಬುಟ್ಟೆಯಲ್ಲವ್ವ ನಂದು!" ಅಂತ ಬೀದಿಗೆ ಕೇಳುವ ಹಾಗೆ ಕೂಗಾಡಿದೆ. ಅವ್ವ ಕೈಯಲ್ಲಿದ್ದ ಕಾಯನ್ನು ಸುಲಿದು ಮುಗಿಸಿದಳು.

"ನಿಮ್ಮಪ್ಪ ಸತ್ತು ಮೂರು ತಿಂಗಳಾಗಿತ್ತು" ಅಂದಳು ಆಮೇಲೆ. "ಫ್ಯಾಕ್ಟ್ರಿ ಕ್ಯಾಂಟೀನ್ನಲ್ಲಿ ತಟ್ಟೆ ತೊಳ್ಯೋ ಕೆಲ್ಸ ಸಿಕ್ತು. ನಿನ್ನ ಯಾರತ್ರ ಬುಟ್ಟೋಗನ? ಸೊಂಟಕ್ಕೆ ಸೀರೆ ಕಟ್ಟಿ, ಮಂಚದ ಕಾಲ್ಗೆ ಗಂಟಾಕಿ, ಬಾಗ್ಲು ಆಕ್ಕೊಂಡು ಓಯ್ತಿದ್ದೆ. ಬಂದು ನೋಡುದ್ರೆ ಅತ್ತು ಅತ್ತು ಅಂಗೇ ಮಲ್ಗಿರ್ತಿದ್ದೆ, ಸೊಂಟ ಎಲ್ಲ ಕೆಂಪಗೆ. ಇಸ್ಕೂಲ್ಗೆ ಸೇರಿಸ್ಕೊಳಿ ಅಂತ ಮೇಷ್ಟ್ರ ಕಾಲು ಇಡ್ಕಂಡೆ. ಆರು ತುಂಬಿರ್ಬೇಕು ಅಂದ್ರು. ಕಿವಿ ಮುಟ್ಸಿ ಅಂದ್ರು."

ಆಗೆಲ್ಲ ಹಾಗೇ. ಹುಟ್ಟಿದ ಚೀಟಿ ಇಲ್ಲದ ಮಕ್ಕಳಿಗೆ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಲು ಹೇಳುತ್ತಿದ್ದರು. ಬೆರಳು ಕಿವಿಗೆ ಎಟುಕಿದರೆ ಆರು ವರ್ಷ ಅಂತ ಲೆಕ್ಕ, ಎಟುಕದಿದ್ದರೆ ಬರುವ ವರ್ಷ ಬಾ.

"ನಿನ್ ಕೈ ಎಟುಕ್ಲಿಲ್ಲ ಕಣವ್ವ" ಅಂದಳು ಅವ್ವ. "ನಾನು ಅಳ್ತಾ ನಿಂತಿದ್ದೆ. ನನ್ ಮೊಕ ನೋಡ್ದೆ ನೀನು. ನೋಡ್ಬುಟ್ಟು, ತಲೆನ ಇಂಗೆ ವಾಲಿಸ್ಕಂಡು ಮುಟ್ಬುಟ್ಟೆ. ಜಾಣೆ ಅಂದ್ರು ಮೇಷ್ಟ್ರು. ಅವ್ರು ಏನು ಬರ್ಕಂಡ್ರೋ ನಂಗೆಂಗೆ ಗೊತ್ತು? ಒತ್ತು ಅಂದ್ರು, ಒತ್ದೆ."

ಅವ್ವ ತನ್ನ ತಲೆಯನ್ನು ಭುಜದ ಕಡೆಗೆ ವಾಲಿಸಿ ತೋರಿಸಿದಳು. ನನಗೆ ನೆನಪಾಯಿತು. ಮೇಷ್ಟರ ಮೇಜಿನ ಅಂಚು, ಸೀಮೆಸುಣ್ಣದ ವಾಸನೆ, ಬೆರಳ ತುದಿಗೆ ತಾಗಿದ ಕಿವಿ, ಜಾಣೆ ಅನ್ನುವ ಮಾತು. ಆ ಮಾತನ್ನು ಎಷ್ಟು ವರ್ಷ ಕೂಡಿಟ್ಟುಕೊಂಡಿದ್ದೆ ನಾನು! ಯಾರನ್ನು ಬೈಯಬೇಕು ಹೇಳಿ? ಮೇಷ್ಟರನ್ನೆ? ಅವರು ಉಪಕಾರ ಮಾಡಿದವರು. ಅವ್ವನನ್ನೆ? ನನ್ನನ್ನೆ, ಆ ನಾಲ್ಕೂಮುಕ್ಕಾಲು ವರ್ಷದವಳನ್ನೆ? ಬೈಯಲು ಒಬ್ಬರಾದರೂ ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವ್ವನ ಪಕ್ಕ ಕೂತು ಅಲಸಂದೆಕಾಯಿ ಸುಲಿಯತೊಡಗಿದೆ.

ಅವ್ವ ಅಷ್ಟಕ್ಕೇ ಬಿಡಲಿಲ್ಲ. ಎರಡು ದಿನ ಬಿಟ್ಟು ಬೆಳಿಗ್ಗೆ ಎದ್ದು, ಹಣೆಗೆ ವಿಭೂತಿ ಇಟ್ಟು, ಇಳಕಲ್ ಸೀರೆ ಉಟ್ಟು ಕೂತಿದ್ದಳು. "ನಡಿ ಆಪೀಸ್ಗೆ. ಎತ್ತೋಳು ನಾನು. ನನಗಿಂತ ಚೆನ್ನಾಗಿ ಆ ಪುಸ್ತಕ್ಕೆ ಗೊತ್ತಾ?" ಬೇಡ ಅಂದೆ, ಗೋಗರೆದೆ. ಕೊನೆಗೆ ಕರೆದುಕೊಂಡೇ ಹೋದೆ. ಎಲ್ಲೋ ಮೂಲೆಯಲ್ಲಿ ನನಗೂ ಆಸೆಯಿತ್ತು, ಯಾಕೆ ಸುಳ್ಳು ಹೇಳಲಿ.

ಕೌಂಟರು ಅವ್ವನ ಗಲ್ಲದವರೆಗೆ ಬರುತ್ತಿತ್ತು. ತುದಿಗಾಲಲ್ಲಿ ನಿಂತು ಕಪ್ಪು ಕನ್ನಡಕ ತೆಗೆದಳು.

"ಸ್ವಾಮಿ, ಇವ್ಳಿಗೆ ಮೂವತ್ಮೂರೇಯ. ಮಾದಪ್ಪನಾಣೆ."

ಗುಮಾಸ್ತರು ಎದ್ದು ನಿಂತರು. "ಯಾವ ಇಸವಿ ಅಜ್ಜಿ ಹುಟ್ಟಿದ್ದು?"

"ಇಸ್ವಿ ಎಲ್ಲ ಯಾರಿಗ್ಗೊತ್ತಪ್ಪ? ಇವ್ರಪ್ಪ ಸೈಕಲ್ ತಂದ ವರ್ಸ. ಗೌರಿ ಹಬ್ಬ. ಸೂಲಗಿತ್ತಿ ಬಾಗ್ನದ ಮೊರ ಅಲ್ಲೇ ಬುಟ್ಟು ಓಡ್ಬಂದ್ಲು."

ಸಾಲಿನಲ್ಲಿದ್ದ ಹುಡುಗಿಯರು ಕಿಸಕ್ಕೆಂದರು. ಗುಮಾಸ್ತರು ನಗಲಿಲ್ಲ. "ಅಜ್ಜಿ, ನಾನು ನಿಮ್ಮ ಮಾತು ನಂಬ್ತೀನಿ. ಆದ್ರೆ ಇದಕ್ಕೆ ಆ ತಾರೀಕು ಹಾಕಿದ್ರೆ ಮುಂದಿನ ಪುಟಾನೇ ತೆಗೆಯಲ್ಲ, ನೋಡಿ" ಅಂತ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ನನ್ನ ಹೆಸರು ಹಾಕಿದರು, ತಾರೀಖು ಹಾಕಿದರು. ಕೆಂಪು ಅಕ್ಷರದಲ್ಲಿ ಏನೋ ಬಂತು. ಅವ್ವನಿಗೆ ಓದಲು ಬಾರದು. ಕೆಂಪು ಅಂತ ಮಾತ್ರ ಗೊತ್ತಾಯಿತು.

ಅವಳು ಕೌಂಟರಿನ ಮೇಲೆ ತನ್ನ ಎಡಗೈ ಹೆಬ್ಬೆಟ್ಟನ್ನು ಚಾಚಿದಳು. "ಇನ್ನೊಂದ್ಸಲ ಒತ್ಸ್ಕೊಳಿ ಸ್ವಾಮಿ. ಆಗ ಒತ್ತಿದ್ದು ತಪ್ಪು ಅಂತ ಒತ್ತಿ ಕೊಡ್ತೀನಿ."

ಆ ಹೆಬ್ಬೆಟ್ಟನ್ನು ಮಡಿಸಿ, ಕೈಯನ್ನು ನನ್ನ ಕೈಯೊಳಗೆ ತೆಗೆದುಕೊಂಡು, ಬಾರವ್ವ ಅಂತ ಕರೆದುಕೊಂಡು ಬಂದೆ. 

ಶ್ರಾವಣದಲ್ಲಿ ನಮ್ಮ ನರ್ಸಿಂಗ್ ಹೋಮಿಗೆ ಜಿಎನ್‌ಎಂ ಓದುವ ಹುಡುಗಿಯೊಬ್ಬಳು ಕಲಿಯಲು ಬಂದಳು. ಅನುಷಾ ಅಂತ, ಹತ್ತೊಂಬತ್ತು ವರ್ಷ. ಒಂದು ಬೆಳಿಗ್ಗೆ ಅವಳೂ ನಾನೂ ಹೆರಿಗೆ ಕೋಣೆಯಲ್ಲಿದ್ದೆವು. ಪಕ್ಕದ ಕೋಣೆಯ ಬಾಣಂತಿಗೆ ರಕ್ತ ಹೋಗುತ್ತಿದೆ ಅಂತ ಡಾಕ್ಟರಮ್ಮನೂ ಸ್ಟೆಲ್ಲಾ ಸಿಸ್ಟರೂ ಅತ್ತ ಓಡಿದ್ದರು. ಇಲ್ಲಿ ಮಗುವಿನ ತಲೆ ಬಂತು, ಕೊರಳಿಗೆ ಹೊಕ್ಕುಳ ಹುರಿ ಒಂದು ಸುತ್ತು ಸುತ್ತಿಕೊಂಡಿತ್ತು. ಹುಡುಗಿಯ ಮುಖ ಬಿಳಿಚಿತು.

"ಆಂಟಿ, ಈಗೇನ್ ಮಾಡ್ಲಿ?"

ನನ್ನ ಎರಡು ಕೈಯನ್ನೂ ಬೆನ್ನ ಹಿಂದೆ ಹಿಡಿದುಕೊಂಡೆ. ಒಂದನ್ನು ಇನ್ನೊಂದರಿಂದ ಬಿಗಿಯಾಗಿ ಹಿಡಿದಿದ್ದೆ, ಬಿಟ್ಟರೆ ಅವು ಮುಂದಕ್ಕೆ ಹೋಗಿಬಿಡುತ್ತಿದ್ದವು. "ಎಳೀಬೇಡ" ಅಂದೆ. "ಒಂದು ಬೆರಳು ಹುರಿ ಕೆಳಗೆ ಹಾಕು. ಹಾಂ. ಸಡಿಲ ಇದೆಯಲ್ಲ, ಮೆಲ್ಲಗೆ ತಲೆ ಮೇಲಿಂದ ದಾಟಿಸು." ದಾಟಿಸಿದಳು. ಮಗು ಬಂತು, ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಅತ್ತಿತು. ಹುಡುಗಿಯೂ ಅತ್ತಳು. ಸಿಸ್ಟರ್ ಓಡಿ ಬಂದು ನೋಡಿ, ಅವಳ ಬೆನ್ನು ತಟ್ಟಿ, ನನ್ನ ಕಡೆ ನೋಡದೆ ತಿರುಗಿದರು.

ಬಟ್ಟೆ ನೆನೆಹಾಕುವಾಗ ಆ ಹುಡುಗಿ ಹಿಂದೆಯೇ ಬಂದಳು. "ಇಷ್ಟೆಲ್ಲ ಗೊತ್ತಲ್ಲ ಆಂಟಿ ನಿಮಗೆ, ನೀವ್ಯಾಕೆ ಓದ್ಲಿಲ್ಲ?"

"ಬೇಗ ಹುಟ್ಬುಟ್ಟೆ ಕಣಮ್ಮ" ಅಂದೆ. ತಮಾಷೆ ಅಂದುಕೊಂಡು ನಕ್ಕಳು.

ಆ ದಸರೆಗೆ ನಾನು ಕೆಲಸ ಬಿಟ್ಟೆ. ಡಾಕ್ಟರಮ್ಮ ಯಾಕೆ ಅಂದರು, ಸೊಂಟನೋವು ಅಂದೆ. ನಿಜ ಏನೆಂದರೆ ಬೆನ್ನ ಹಿಂದೆ ಕೈ ಕಟ್ಟಿ ಇನ್ನೊಂದು ಸಲ ನಿಲ್ಲುವ ಶಕ್ತಿ ನನಗಿರಲಿಲ್ಲ. ಎರೆಯುವ ಕೆಲಸಕ್ಕೆ ಯಾರೂ ಅಂಕಪಟ್ಟಿ ಕೇಳುವುದಿಲ್ಲ. ಸ್ಟೆಲ್ಲಾ ಸಿಸ್ಟರ್ ನಿವೃತ್ತಿಯಾಗಿ ಊರಿಗೆ ಹೋದರು. ಅವರ ಪುಸ್ತಕ ವಾಪಸು ಕೊಡಲು ಹೋದರೆ ಇಟ್ಕೊ ಅಂದರು, ಇಟ್ಟುಕೊಂಡಿದ್ದೇನೆ. ಅವ್ವ ಮೊನ್ನೆ ಮೊನ್ನೆಯವರೆಗೂ ಇದ್ದಳು. ಪ್ರತಿ ಗೌರಿ ಹಬ್ಬಕ್ಕೂ ಒಬ್ಬಟ್ಟು ತಟ್ಟುತ್ತ, "ಇವತ್ತೇ ಕಣವ್ವ ನೀನು ಹುಟ್ಟಿದ್ದು, ಇವತ್ತೇ" ಅಂತ ನನಗೇ ಸಾಕ್ಷಿ ಹೇಳುತ್ತಿದ್ದಳು. ಕೊನೆಗೆ ಆಸ್ಪತ್ರೆಗೆ ಸೇರಿಸುವಾಗ ಅವಳ ವಯಸ್ಸೆಷ್ಟು ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಎಪ್ಪತ್ತು ಅಂತ ಬರೆಸಿದೆ.

ರಾಮಕೃಷ್ಣನಗರದ ಬಚ್ಚಲಲ್ಲಿ ನನ್ನ ಕಾಲ ಮೇಲೆ ಮಗು ಮಿಸುಕಾಡಿತು. ಎಣ್ಣೆ ಹಚ್ಚಿದ ಮೇಲೆ ಕೈಕಾಲು ನೀವಿ ಎಳೆಯುವುದು ವಾಡಿಕೆ. ಬಲಗೈ ಎಡಗಾಲಿಗೆ, ಎಡಗೈ ಬಲಗಾಲಿಗೆ, ಆಮೇಲೆ ಎರಡೂ ಕೈ ತಲೆಯ ಮೇಲಕ್ಕೆ. ಮಗುವಿನ ಬಲಗೈಯನ್ನು ಮೆಲ್ಲಗೆ ಮೇಲಕ್ಕೆ ನೀಡಿದೆ. ಹಸುಗೂಸಿನ ಕೈ ಎಷ್ಟು ಗಿಡ್ಡ ಅಂತ ನೀವು ನೋಡಿರಲಿಕ್ಕಿಲ್ಲ, ನೆತ್ತಿಯವರೆಗೂ ಸರಿಯಾಗಿ ಬರುವುದಿಲ್ಲ. ಕಿವಿ ಅಂತೂ ಎಲ್ಲೋ ಆಚೆ ಇತ್ತು. ಮಗು ನನ್ನ ಮುಖವನ್ನೇ ನೋಡುತ್ತಿತ್ತು. ನೋಡುತ್ತ ನೋಡುತ್ತ ತಲೆಯನ್ನು ಪಕ್ಕಕ್ಕೆ ವಾಲಿಸಿತು.

"ಬೇಡ ಕಣೋ ಕಂದ" ಅಂದೆ. ಅಂಗೈ ಕೊಟ್ಟು ಅದರ ತಲೆಯನ್ನು ನೆಟ್ಟಗೆ ಮಾಡಿದೆ. ಆಮೇಲೆ ಅಜ್ಜಿಗೆ, ನೀರು ಹುಯ್ಯಿ ಅಮ್ಮ, ಹದವಾಗಿದೆ ಅಂದೆ.